ಕಿರುಚುಬಾಗಿಲಿನ ಆಚೆಗಿಟ್ಟ ಪೆಟ್ಟಿಗೆ

ಮನೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಕು, ಸಂಜೆ

ಪ್ರೀತಿಯ ಅಪ್ಪಾ,

ಚಾಕುವನ್ನು ಬಿಟ್ಟುಕೊಡಲು ಬಂದ ಹುಡುಗನನ್ನು ಚಾಕು ತಂದವನೆಂದು ಹಿಡಿದುಕೊಂಡು ಹೋದರು. ನಮ್ಮ ಶಾಲೆಯ ಗೇಟಿನಲ್ಲಿ, ಎಲ್ಲರ ಕಣ್ಣೆದುರು, ನಿಮ್ಮ ಇಲಾಖೆಯವರು ಹಿಡಿದರು. ನಮ್ಮ ಶಾಲೆಯವರು ಸುಮ್ಮನೆ ನೋಡಿದರು. ಇದು ತಪ್ಪು. ಬೇರೆ ಯಾವ ಮೆತ್ತನೆಯ ಮಾತಿನಲ್ಲಿ ಹೇಳಿದರೂ ತಪ್ಪೇ.

ಹೇಗಿದ್ದೀರಿ ಎಂದು ಕೇಳುವ ಮೊದಲೇ ಜಗಳಕ್ಕೆ ಬಂದಳು ಎಂದು ನಗಬೇಡಿ. ಹೇಗಿದ್ದೀರಿ? ಮಂಡಿ ನೋವು ಹೇಗಿದೆ? ಚೆಕ್‌ಪೋಸ್ಟಿನಲ್ಲಿ ಗಾಳಿ ಜೋರಂತೆ, ಅಮ್ಮ ಕಳಿಸಿದ ಸ್ವೆಟರನ್ನು ಪೆಟ್ಟಿಗೆಯಲ್ಲಿಟ್ಟು ಕಾಯುತ್ತಿದ್ದೀರೋ ಅಥವಾ ಹಾಕಿಕೊಳ್ಳುತ್ತಿದ್ದೀರೋ? ಅಮ್ಮ ಚೆನ್ನಾಗಿದ್ದಾಳೆ. ಆಸ್ಪತ್ರೆಯ ಲಾಂಡ್ರಿಗೆ ಹೊಸ ಇಸ್ತ್ರಿ ಯಂತ್ರ ಬಂದಿದೆ, ಅದರ ಬಿಸಿಗೆ ಅವಳ ಕೈಯೆಲ್ಲ ಕೆಂಪಾಗಿದೆ, ಆದರೂ ಆ ಯಂತ್ರವನ್ನು ಹೊಸ ಸೊಸೆಯ ಹಾಗೆ ಹೊಗಳುತ್ತಾಳೆ. ಕಡ್ಡಿ ಹೆಸರಿಗೆ ತಕ್ಕ ಹಾಗೆ ಇನ್ನೂ ಉದ್ದವಾಗಿದ್ದಾನೆ, ಅಡ್ಡಕ್ಕೆ ಮಾತ್ರ ಒಂದಿಷ್ಟೂ ಬೆಳೆದಿಲ್ಲ. ಒಂಬತ್ತನೇ ತರಗತಿಗೆ ಬಂದ ಮೇಲೆ ಅಕ್ಕನ ಜೊತೆ ನಡೆದುಕೊಂಡು ಹೋಗುವುದು ಅವನಿಗೆ ಅವಮಾನ. ನಾನು ಎಂದಿನಂತೆ ಇದ್ದೇನೆ. ಅಂದರೆ ಓದುತ್ತಿದ್ದೇನೆ, ಆದರೆ ಪರೀಕ್ಷೆಗೆ ಬೇಕಾದದ್ದನ್ನಲ್ಲ. ವಾಚನಾಲಯದ ಬಾಗಿಲ ಬಳಿ ಪುಕ್ಕಟೆ ಇಡುವ ಪುಸ್ತಿಕೆಗಳನ್ನೆಲ್ಲ ಮುಗಿಸಿ ಈಗ ಎರಡನೇ ಸಲ ಓದುತ್ತಿದ್ದೇನೆ. ಕಡ್ಡಿ ನನ್ನನ್ನು ಮನೆಯಲ್ಲೂ 'ಕರಪತ್ರ' ಎಂದೇ ಕರೆಯತೊಡಗಿದ್ದಾನೆ. ನೀವು ಫೋನಿನಲ್ಲಿ ಯಾವತ್ತೂ "ಆಮೇಲೆ ಮಾತಾಡೋಣ ಮಗಳೇ, ಗಾಡಿ ಬಂತು" ಅನ್ನುತ್ತೀರಿ. ಪತ್ರಕ್ಕೆ ಹಾಗೆ ಹೇಳಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಪೂರ್ತಿ ಓದಬೇಕು.

ನಿಮ್ಮನ್ನು ವರ್ಗ ಮಾಡಿದ ಮೇಲೆ ಇಲ್ಲಿ ಏನೇನಾಯಿತೆಂದು ನಿಮಗೆ ತುಣುಕು ತುಣುಕಾಗಿ ಗೊತ್ತು. ಒಟ್ಟಿಗೆ ಹೇಳುತ್ತೇನೆ. ಶಾಲೆಯಿಂದ ನಮ್ಮ ಮನೆಗಳ ಕಡೆ ಬರುವ ದಾರಿಯಲ್ಲಿ ರೈಲು ಸೇತುವೆಯ ಕೆಳಗೆ ಆ ಕತ್ತಲೆ ದಾರಿಯಿದೆಯಲ್ಲ, ಸಂಜೆ ಹೊತ್ತು ನೀವು ಸೈಕಲ್ ಒರಗಿಸಿಕೊಂಡು ನಿಲ್ಲುತ್ತಿದ್ದ ಜಾಗ, ಅಲ್ಲಿ ಈಗ ಯಾರೂ ನಿಲ್ಲುವುದಿಲ್ಲ. ಯಾರೂ ಅಂದರೆ ಪೊಲೀಸರು. ನಿಲ್ಲುವವರು ಬೇರೆ ಇದ್ದಾರೆ. ಶಾಲೆ ಬಿಟ್ಟು ಎರಡು ಮೂರು ವರ್ಷವಾದ ದಾಂಡಿಗರು ಗೋಡೆಗೆ ಒರಗಿ ಕೂತಿರುತ್ತಾರೆ. ಫೋನ್ ಕೇಳುತ್ತಾರೆ, ಬೂಟು ಬಿಚ್ಚಿಸುತ್ತಾರೆ, ಏನೂ ಇಲ್ಲದಿದ್ದರೆ ಹಾಡು ಹೇಳಿಸಿ ಕಳಿಸುತ್ತಾರೆ. ನೀವಿದ್ದಾಗ ಅವರಿರಲಿಲ್ಲ ಎಂದಲ್ಲ, ನೀವಿದ್ದಾಗ ಅವರು ಬೂಟು ಕಟ್ಟಿಕೊಂಡು ತಮ್ಮ ಪಾಡಿಗೆ ಹೋಗುತ್ತಿದ್ದರು. ನೀವು ಲಾಠಿ ಎತ್ತಿದ್ದನ್ನು ನಾನು ನೋಡಿಲ್ಲ. "ಏನಪ್ಪಾ, ನಿಮ್ಮಮ್ಮನ ಕಾಲು ಹೇಗಿದೆ" ಅಂತ ಅವರಲ್ಲೊಬ್ಬನನ್ನು ಕೇಳಿದ್ದನ್ನು ನೋಡಿದ್ದೇನೆ, ಅಷ್ಟಕ್ಕೇ ಅವನು ತಲೆ ತಗ್ಗಿಸಿಕೊಂಡು ಜಾಗ ಖಾಲಿ ಮಾಡಿದ್ದನ್ನೂ ನೋಡಿದ್ದೇನೆ. ಆಗ ನಾನು ಚಿಕ್ಕವಳು, ನಮ್ಮಪ್ಪನದು ಬರೀ ನಿಲ್ಲುವ ಕೆಲಸ ಅಂದುಕೊಂಡಿದ್ದೆ.

ನಂತರ ದರ್ಜಿಯಮ್ಮನ ಮಗನ ತೋಳಿಗೆ ಚಾಕುವಿನ ಏಟು ಬಿತ್ತು. ನಿಮಗೆ ನೆನಪಿರಬೇಕು, ನಮ್ಮ ಸಮವಸ್ತ್ರ ಹೊಲಿಯುವಾಕೆ, ಶಾಲೆಯ ಎದುರು ಬೀದಿಯಲ್ಲಿ ಅಂಗಡಿ. ಹೊಡೆದವನು ಹೊರಗಿನವನಲ್ಲ, ನಮ್ಮ ಶಾಲೆಯವನೇ, ಹನ್ನೊಂದನೇ ತರಗತಿ. ಸೇತುವೆಯ ಕೆಳಗಿನ ಭಯಕ್ಕೆಂದು ಇಟ್ಟುಕೊಂಡ ಚಾಕುವನ್ನು ಕೊನೆಗೆ ಆಟದ ಮೈದಾನದ ಜಗಳದಲ್ಲಿ ತೆಗೆದ. ಅವನನ್ನು ಬಾಲಕರ ಗೃಹಕ್ಕೆ ಕಳಿಸಿದರು. ಆ ವಾರದಲ್ಲೇ ಶಾಲೆಯ ಗೇಟಿಗೆ ಲೋಹ ಪತ್ತೆ ಮಾಡುವ ಚೌಕಟ್ಟು ಬಂತು, ಜೊತೆಗೆ ಇಬ್ಬರು ಪೊಲೀಸರೂ ಬಂದರು. ಅದಕ್ಕೆ ನಾವಿಟ್ಟ ಹೆಸರು ಕಿರುಚುಬಾಗಿಲು. ಕಂಪಾಸು ಪೆಟ್ಟಿಗೆಗೆ ಕಿರುಚುತ್ತದೆ, ಬೆಲ್ಟಿಗೆ ಕಿರುಚುತ್ತದೆ, ಸಂಗೀತದ ಮಾಸ್ತರರ ಮುರಿದ ಕಾಲಿನೊಳಗಿನ ಸರಳಿಗೂ ಪ್ರತಿ ಬೆಳಿಗ್ಗೆ ಕಿರುಚುತ್ತದೆ. ಪಾಪ, ಅವರು ದಿನಾ ನಿಂತು ಸರಳಿನ ಕಥೆ ಹೇಳಬೇಕು. ಇಬ್ಬರು ಪೊಲೀಸರಲ್ಲಿ ಒಬ್ಬರು ನಿಮ್ಮ ಜೊತೆ ಠಾಣೆಯಲ್ಲಿದ್ದ ಮೀಸೆ ಮಾಮ. ಅವರು ಚಿಕ್ಕ ಮಕ್ಕಳ ಚೀಲ ತಾವೇ ಎತ್ತಿ ಮೇಜಿನ ಮೇಲಿಡುತ್ತಾರೆ. ನಾನು ಯಾರನ್ನೂ ರಾಕ್ಷಸರನ್ನಾಗಿ ಮಾಡುತ್ತಿಲ್ಲ ಅಪ್ಪಾ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆರನೇ ತರಗತಿಯ ಮಕ್ಕಳಿಗೆ ಆ ಬಾಗಿಲು ಕಂಡರೆ ಧೈರ್ಯ ಬರುತ್ತದೆ, ಅದು ನಿಜ. ಆದರೆ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಇಬ್ಬರೂ ಡ್ಯೂಟಿ ಬದಲಾವಣೆಗೆಂದು ಠಾಣೆಗೆ ಹೋಗಿರುತ್ತಾರೆ, ಅದೂ ನಿಜ. ಭಯ ಇರುವುದು ಸಂಜೆಗೆ, ಕಾವಲು ಇರುವುದು ಬೆಳಿಗ್ಗೆಗೆ.

ಈಗ ಪೆಟ್ಟಿಗೆಯ ವಿಷಯ. ಶಾಲಾ ಸಮಿತಿಯಲ್ಲಿ ವಿದ್ಯಾರ್ಥಿಗಳ ಪರವಾಗಿ ಒಂದು ಕುರ್ಚಿ ಇದೆ, ಈ ವರ್ಷ ಅದು ನನ್ನದು. ಮಾತಾಡಬಹುದು, ಕೈ ಎತ್ತಿ ಮತ ಹಾಕುವ ಹಾಗಿಲ್ಲ. ಒಂದು ಪುಸ್ತಿಕೆಯಲ್ಲಿ ಓದಿದ್ದನ್ನು ನಾನು ಅಲ್ಲಿ ಹೇಳಿದೆ: ಆಯುಧ ಇಟ್ಟುಕೊಂಡವರು ತಾವಾಗಿಯೇ ತಂದು ಹಾಕಲು ಒಂದು ಪೆಟ್ಟಿಗೆ ಇಡೋಣ, ಹಾಕಿದವರನ್ನು ಯಾರೂ ಏನೂ ಕೇಳಬಾರದು. ನಾನು ಬೈಸಿಕೊಳ್ಳಲು ಸಿದ್ಧಳಾಗಿ ಹೋಗಿದ್ದೆ, ಎಲ್ಲರೂ ಒಪ್ಪಿಬಿಟ್ಟರು! ದೊಡ್ಡ ಮೇಡಂ ಒಪ್ಪಿದರು, ಸಮಿತಿಗೆ ಬರುವ ಠಾಣೆಯ ಇನ್‌ಸ್ಪೆಕ್ಟರ್ ಒಪ್ಪಿದರು. ಆಮೇಲೆ ಚರ್ಚೆಯೋ ಚರ್ಚೆ. ಯಾವ ಬಣ್ಣ ಬಳಿಯಬೇಕು, ಬೀಗದ ಕೈ ಯಾರ ಬಳಿ ಇರಬೇಕು, ಕಿಂಡಿ ಎಷ್ಟು ಅಗಲ ಇದ್ದರೆ ಒಳಗೆ ಹೋದದ್ದು ಕೈಗೆ ಸಿಗುವುದಿಲ್ಲ, ಮೇಲೆ ಏನು ಬರೆಯಬೇಕು. ಬಡಗಿ ಕೆಲಸದ ಮಾಸ್ತರರು ಹುಡುಗರಿಂದ ಗಟ್ಟಿ ಮರದ ಪೆಟ್ಟಿಗೆ ಮಾಡಿಸಿ ನೀಲಿ ಬಳಿಸಿದರು. 'ಇಲ್ಲಿ ಹಾಕಿ, ಹಗುರಾಗಿ ಹೋಗಿ' ಎಂದು ನಾನೇ ಬರೆದೆ. ಅದನ್ನು ದೊಡ್ಡ ಮೇಡಂ ಕೋಣೆಯ ಹೊರಗೆ, ನೀರಿನ ನಲ್ಲಿಗಳ ಪಕ್ಕ, ನಾಲ್ಕು ಮೊಳೆ ಹೊಡೆದು ನಿಲ್ಲಿಸಿದರು. ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೇಡಂ ಮೈಕಿನಲ್ಲಿ ಮಾತು ಕೊಟ್ಟರು: "ತಂದು ಹಾಕಿದವರ ಮುಖ ನಾನು ನೋಡಲ್ಲ, ಹೆಸರು ಕೇಳಲ್ಲ."

ಎಲ್ಲ ಸರಿ. ಈಗ ನೀವೇ ಆ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ನಡೆಯಿರಿ ಅಪ್ಪಾ. ಬೀದಿಯಿಂದ ಗೇಟು, ಗೇಟಿನಲ್ಲಿ ಕಿರುಚುಬಾಗಿಲು, ಅದರಾಚೆ ಅಂಗಳ, ಅಂಗಳದಾಚೆ ನಲ್ಲಿಗಳು, ನಲ್ಲಿಗಳ ಪಕ್ಕ ಪೆಟ್ಟಿಗೆ. ಚಾಕುವನ್ನು ಪೆಟ್ಟಿಗೆಗೆ ಹಾಕಬೇಕಾದರೆ ಚಾಕು ಹಿಡಿದುಕೊಂಡೇ ಆ ಬಾಗಿಲು ದಾಟಬೇಕು! ಬಣ್ಣದ ಬಗ್ಗೆ ಅಷ್ಟು ಹೊತ್ತು ಕಿತ್ತಾಡಿದ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ. ಇನ್‌ಸ್ಪೆಕ್ಟರಿಗೆ ಹೊಳೆಯಲಿಲ್ಲ, ಗಣಿತದ ಮಾಸ್ತರರಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾವು ಯಾರೂ ಚಾಕು ಇಟ್ಟುಕೊಂಡವರಲ್ಲವಲ್ಲ, ಆ ದಾರಿಯನ್ನು ಅವರ ಕಾಲಿನಿಂದ ನಡೆದು ನೋಡಲಿಲ್ಲ. ಇನ್ನೊಂದು: ಮೇಡಂ ಮೈಕಿನಲ್ಲಿ ಹೇಳಿದ್ದು ಅಂಗಳದಲ್ಲಿ, ಅದರ ದನಿ ಗೇಟಿನವರೆಗೆ ಮುಟ್ಟುವುದಿಲ್ಲ. ಗೇಟಿನ ಪೊಲೀಸರು ಗೇಟು ಬಿಟ್ಟು ಒಳಗೆ ಬರುವ ಹಾಗಿಲ್ಲ. ಅವರಿಗೆ ಹೇಳಬೇಕಾದ್ದು ಇನ್‌ಸ್ಪೆಕ್ಟರ್ ಎಂದು ಮೇಡಂ ಅಂದುಕೊಂಡರು, ಪೆಟ್ಟಿಗೆ ಶಾಲೆಯದು, ಶಾಲೆಯವರೇ ಹೇಳಿರುತ್ತಾರೆ ಎಂದು ಇನ್‌ಸ್ಪೆಕ್ಟರ್ ಅಂದುಕೊಂಡರು.

ಹೀಗೆ ಎರಡು ವಾರ ಪೆಟ್ಟಿಗೆ ಖಾಲಿ ನಿಂತಿತು. ಮೇಡಂ ಒಮ್ಮೆ ತೆಗೆದು ನೋಡಿದರೆ ಅಗಿದ ಚೂಯಿಂಗ್ ಗಮ್ಮು, ಜೊತೆಗೆ ಒಂದು ಚೀಟಿ: 'ಅತ್ಯಂತ ಅಪಾಯಕಾರಿ ಆಯುಧ ದೊಡ್ಡ ಮೇಡಂ ಸ್ಕೂಟರು, ಕಿಂಡಿಯಲ್ಲಿ ಹಿಡಿಸುತ್ತಿಲ್ಲ.' ಮೇಡಂ ಕೂಡ ನಕ್ಕರು. ನಮ್ಮ ಶಾಲೆಯಲ್ಲಿ ಆಯುಧವೇ ಇಲ್ಲ ಎಂದು ಸಮಾಧಾನಪಟ್ಟುಕೊಂಡರು. ಮಾರನೇ ವಾರ ಬನ್ನು ಬಂದ.

ಬನ್ನು ಯಾರೆಂದರೆ ಬೇಕರಿಯವರ ಮಗ, ಶಾಲೆಯ ಮೂಲೆಯ ಬೇಕರಿ, ನೀವು ಡ್ಯೂಟಿ ಮುಗಿಸಿ ಬರುವಾಗ ಬಿಸಿ ಬ್ರೆಡ್ಡು ತರುತ್ತಿದ್ದದ್ದು ಅಲ್ಲಿಂದಲೇ. ಕಡ್ಡಿಯ ತರಗತಿ. ದುಂಡಗಿದ್ದಾನೆ, ಮೆತ್ತಗಿದ್ದಾನೆ, ಅದಕ್ಕೇ ಆ ಹೆಸರು. ಸೇತುವೆಯ ಕೆಳಗೆ ಅವನ ಬೂಟು ಮೂರು ಸಲ ಹೋಗಿದೆ. ಮೂರನೇ ಸಲ ಬರಿಗಾಲಲ್ಲಿ ಮನೆಗೆ ಹೋದಾಗ ಅವರಪ್ಪ "ನಿನ್ನ ಕಾಲೇ ಒಂದು ದಿನ ಬಿಟ್ಟು ಬರ್ತೀಯೇನೋ" ಎಂದರಂತೆ. ಹುಡುಗ ಅದನ್ನು ಮನಸ್ಸಿಗೆ ಹಚ್ಚಿಕೊಂಡ. ಬೇಕರಿಯ ಚಾಕುಗಳಲ್ಲಿ ಒಂದನ್ನು ಚೀಲದಲ್ಲಿಟ್ಟುಕೊಂಡು ತಿರುಗತೊಡಗಿದ. ಕಿರುಚುಬಾಗಿಲು ಬಂದ ಮೇಲೆ ಅದನ್ನು ಮನೆಯಲ್ಲೇ ಹಾಸಿಗೆಯ ಕೆಳಗೆ ಮುಚ್ಚಿಟ್ಟ. ಮೇಡಂ ಮೈಕಿನಲ್ಲಿ ಹೇಳಿದ್ದನ್ನು ನಂಬಿದವನು ಇಡೀ ಶಾಲೆಯಲ್ಲಿ ಅವನೊಬ್ಬನೇ. ಅವತ್ತು ಬೆಳಿಗ್ಗೆ ಆ ಚಾಕುವನ್ನು ಸುತ್ತಿ ಕಟ್ಟಿ ತಂದ. ಬಾಗಿಲು ಕಿರುಚಿತು. ಮೀಸೆ ಮಾಮನ ಜೊತೆಗಿರುವ ಚಿಕ್ಕ ಪೇದೆ ಚೀಲ ಮೇಜಿನ ಮೇಲೆ ಸುರಿದ. ಬನ್ನು "ಪೆಟ್ಟಿಗೆಗೆ ಹಾಕೋಕೆ ಸಾರ್, ಪೆಟ್ಟಿಗೆಗೆ" ಎಂದು ಒಂದೇ ಸಮನೆ ಹೇಳುತ್ತಿದ್ದ. "ಯಾವ ಪೆಟ್ಟಿಗೆಯೋ? ಸಿಕ್ಕಿಬಿದ್ದೋರೆಲ್ಲ ಒಂದೊಂದು ಪೆಟ್ಟಿಗೆ ಕಥೆ ಹೇಳ್ತೀರಿ" ಎಂದ ಆ ಪೇದೆ. ನಾನು ಸಾಲಿನಲ್ಲಿ ಹಿಂದಿದ್ದೆ. ಮುಂದೆ ಹೋಗುವಷ್ಟರಲ್ಲಿ ಜೀಪು ಬಂದಿತ್ತು.

ಸಂಜೆಯವರೆಗೆ ಠಾಣೆಯಲ್ಲಿ ಕೂರಿಸಿ, ಅಪ್ಪನಿಂದ ಸಹಿ ಹಾಕಿಸಿಕೊಂಡು ಮನೆಗೆ ಬಿಟ್ಟರು. ಸಮಿತಿ ತೀರ್ಮಾನಿಸುವವರೆಗೆ ಶಾಲೆಗೆ ಕಾಲಿಡುವಂತಿಲ್ಲ. ಬರುವ ಶನಿವಾರ ಸಂಜೆ ನಾಲ್ಕಕ್ಕೆ ಸಮಿತಿ ಸೇರುತ್ತದೆ. ಅವನನ್ನು ಶಾಲೆಯಿಂದ ತೆಗೆಯುತ್ತೇವೆ ಎಂದರೆ ಇನ್‌ಸ್ಪೆಕ್ಟರ್ ಮಕ್ಕಳ ನ್ಯಾಯಾಲಯಕ್ಕೆ ಕೇಸು ಕಳಿಸುತ್ತಾರೆ. ಅವನು ಪೆಟ್ಟಿಗೆಗೆ ಹಾಕಲೆಂದೇ ತಂದದ್ದು ಎಂದು ಸಮಿತಿ ಒಪ್ಪಿದರೆ ಕೇಸು ಮುಂದೆ ಹೋಗುವುದಿಲ್ಲ, ಹಾಗೆಂದು ಅವರೇ ಮೇಡಂಗೆ ಹೇಳಿದ್ದಾರೆ. ಆದ್ದರಿಂದ ಎಲ್ಲವೂ ಶನಿವಾರದ ಮೇಲೆ ನಿಂತಿದೆ. ಬನ್ನು ಒಬ್ಬನ ವಿಷಯವಲ್ಲ ಇದು. ಚಾಕು ಇಟ್ಟುಕೊಂಡವರೆಲ್ಲ ಕಣ್ಣು ನೆಟ್ಟು ಕೂತಿದ್ದಾರೆ. ಬಿಟ್ಟುಕೊಡಲು ಹೋದವನಿಗೆ ಜೀಪು, ಬಚ್ಚಿಟ್ಟುಕೊಂಡವನಿಗೆ ಏನೂ ಇಲ್ಲ ಎಂದಾದರೆ, ನಾಳೆಯಿಂದ ನಮ್ಮ ಶಾಲೆಯ ಯಾವ ಹುಡುಗ ತಾನಾಗಿ ಏನನ್ನಾದರೂ ಬಿಟ್ಟುಕೊಡುತ್ತಾನೆ ಹೇಳಿ?

ನಾನು ಸುಮ್ಮನೆ ಕೂತಿಲ್ಲ. ಮೊದಲು ವಾಚನಾಲಯದ ಗೆಳೆಯರ ಬಳಿ ಹೋದೆ, ಭಾನುವಾರ ಸೇರಿ ಪುಸ್ತಿಕೆ ಓದುವವರು. ಅವರೆಲ್ಲ ಬಿಸಿಯಾಗಿ 'ಪೊಲೀಸರೇ ಶಾಲೆ ಬಿಟ್ಟು ತೊಲಗಿ' ಎಂದು ಗೋಡೆಗೆ ಬರೆಯೋಣ ಎಂದರು. ಬಣ್ಣವೂ ಸಿದ್ಧವಿತ್ತು. ನಾನು ಬೇಡ ಎಂದೆ. "ಪೊಲೀಸಪ್ಪನ ಮಗಳಲ್ವಾ, ಕುಂಚ ಹಿಡಿಯೋಕೆ ಕೈ ನಡುಗುತ್ತೆ" ಎಂದು ಒಬ್ಬಳು ಚುಚ್ಚಿದಳು. ಕೈ ನಡುಗಲಿಲ್ಲ ಅಪ್ಪಾ. ತೊಲಗಿ ಎಂದು ಬರೆಯುವುದು ಸುಲಭ, ಸೇತುವೆಯ ಕೆಳಗೆ ನಿಲ್ಲಿ ಎಂದು ನಿಲ್ಲಿಸುವುದು ಕಷ್ಟ, ನನಗೆ ಕಷ್ಟದ್ದೇ ಬೇಕು. ಪೊಲೀಸರು ಇರಬೇಕು. ಎಲ್ಲಿ ಇರಬೇಕು, ಯಾವ ಹೊತ್ತಿಗೆ ಇರಬೇಕು, ಯಾರ ಮಾತು ಕೇಳಬೇಕು, ಅದನ್ನು ಕೇಳುವ ಹಕ್ಕು ಆ ದಾರಿಯಲ್ಲಿ ನಡೆಯುವ ನಮಗೂ ಇದೆ. ಇದು ಯಾವ ಪುಸ್ತಿಕೆಯಲ್ಲೂ ಇರಲಿಲ್ಲ, ನಿಮ್ಮನ್ನು ನೋಡಿ ಕಲಿತದ್ದು.

ಆಮೇಲೆ ದರ್ಜಿಯಮ್ಮನ ಅಂಗಡಿಗೆ ಹೋದೆ. ಸಮಿತಿಯಲ್ಲಿ ಹೆತ್ತವರ ಕಡೆಯಿಂದ ಆಕೆ ಇದ್ದಾರೆ, ಆಕೆ ಎತ್ತ ಕೈ ಎತ್ತಿದರೆ ಉಳಿದವರೂ ಅತ್ತಲೇ, ಯಾಕೆಂದರೆ ಗಾಯವಾದದ್ದು ಆಕೆಯ ಮಗನಿಗೆ. ಆಕೆ ಯಂತ್ರ ನಿಲ್ಲಿಸಲಿಲ್ಲ. ನಾನು ಮಾತು ಮುಗಿಸುವವರೆಗೂ ಕಾಲು ಆಡಿಸುತ್ತಲೇ ಇದ್ದರು. ಕೊನೆಗೆ ಮೂಲೆಯ ಸ್ಟೂಲಿನಲ್ಲಿ ಕೂತು ಗುಂಡಿ ಹೊಲಿಯಲು ಒದ್ದಾಡುತ್ತಿದ್ದ ಮಗನನ್ನು ತೋರಿಸಿ, "ನೋಡು, ಬೆರಳು ಇನ್ನೂ ಮಡಚಲ್ಲ. ಇವನ ಮುಖ ನೋಡ್ಕೊಂಡು ಹೇಳು, ಚಾಕು ತಂದೋನು ಒಳ್ಳೆಯವನು ಅಂತ" ಎಂದರು. ನಾನು ಅವನ ಮುಖ ನೋಡಿಕೊಂಡೇ, "ಅಮ್ಮಾ, ಒಳ್ಳೆಯವನು ಅಂತ ಹೇಳ್ತಿಲ್ಲ. ಬಿಟ್ಟುಕೊಡೋಕೆ ಬಂದ ಅಂತ ಹೇಳ್ತಿದೀನಿ. ನಿಮ್ಮ ಮಗನಿಗೆ ಹೊಡೆದೋನು ಹೀಗೇ ಬಿಟ್ಟುಕೊಟ್ಟಿದ್ದಿದ್ರೆ ಇವನ ಬೆರಳು ಮಡಚ್ತಿತ್ತು" ಎಂದೆ. ಯಂತ್ರ ನಿಂತಿತು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ಬಿಟ್ಟುಕೊಡೋಕೆ ಬಂದ ಅಂತ ಯಾರು ಹೇಳೋರು? ಅವನು ಹೇಳ್ತಾನೆ, ಅವರಪ್ಪ ಹೇಳ್ತಾರೆ, ನೀನು ಹೇಳ್ತೀಯ. ಹಿಡಿದೋರು ಹೇಳ್ಲಿ. ಆಗ ನಂಬ್ತೀನಿ" ಎಂದು ಮತ್ತೆ ಕಾಲಾಡಿಸತೊಡಗಿದರು.

ಹಿಡಿದವರು ಹೇಳಲಿ. ಅದು ನ್ಯಾಯವಾದ ಮಾತು ಅನ್ನಿಸಿತು. ಅದಕ್ಕೇ ನಿನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೀಸೆ ಮಾಮನ ಬಳಿ ಹೋದೆ. ಗೇಟಿನ ಪಕ್ಕದ ಕಲ್ಲಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ನನ್ನನ್ನು ನೋಡಿದ ತಕ್ಷಣ, "ಬಾಮ್ಮಾ ಕರಪತ್ರ, ನನ್ನ ಮೇಲೂ ಒಂದು ಅಚ್ಚು ಹಾಕ್ಸಿದೀಯಾ?" ಎಂದು ನಕ್ಕರು. ನಗು ಪೂರ್ತಿ ಇರಲಿಲ್ಲ. ನಾನು ಕೂತೆ. ಚಾಕು ಹೇಗಿತ್ತು ಮಾಮ ಎಂದು ಕೇಳಿದೆ. ಊಟ ಕಲಸುತ್ತಾ ಮೆಲ್ಲಗೆ ಹೇಳಿದರು. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಅದರ ಮೇಲೆ ಬೇಕರಿಯ ಗೋಣಿಬಟ್ಟೆ ಸುತ್ತಿ, ಅದರ ಮೇಲೆ ಕೇಕಿನ ಡಬ್ಬ ಕಟ್ಟುವ ದಾರವನ್ನು ಉದ್ದಕ್ಕೂ ಅಡ್ಡಕ್ಕೂ ಬಿಗಿದು ಗಂಟಿನ ಮೇಲೆ ಗಂಟು ಹಾಕಿದ್ದನಂತೆ. ಬಿಚ್ಚಲಾಗದೆ ಆ ಚಿಕ್ಕ ಪೇದೆ ಆಫೀಸಿನಿಂದ ಕತ್ತರಿ ತರಿಸಿದನಂತೆ. "ಹೊಡೆಯೋಕೆ ತರೋನು ಹಾಗೆ ಕಟ್ಟಲ್ಲಮ್ಮ. ಹೊಡೆಯೋ ಹೊತ್ತಿಗೆ ಕತ್ತರಿ ಎಲ್ಲಿ ಹುಡುಕ್ತಾನೆ? ಅದು ಯಾರಿಗೂ ಚುಚ್ಚಬಾರದು ಅಂತ ಕಟ್ಟಿದ ಕಟ್ಟು" ಎಂದರು. ಆದರೆ ಠಾಣೆಗೆ ಹೋದದ್ದು ಬರೀ ಚಾಕು. ಗೋಣಿಬಟ್ಟೆ, ದಾರ ಎಲ್ಲ ಗೇಟಿನ ಕಸದ ಡಬ್ಬಕ್ಕೆ ಹೋಯಿತು, ಅವತ್ತೇ ಕಸದವರು ಒಯ್ದರು. ಸಾಕ್ಷಿಗೆ ಉಳಿದಿರುವುದು ಮೀಸೆ ಮಾಮನ ಕಣ್ಣು ಮಾತ್ರ.

"ಶನಿವಾರ ಸಮಿತಿ ಮುಂದೆ ಇದನ್ನ ಹೇಳ್ತೀರಾ ಮಾಮ?" ಎಂದೆ. ಅವರು ಡಬ್ಬಿ ಮುಚ್ಚಿದರು. ಇನ್‌ಸ್ಪೆಕ್ಟರ್ ಪಕ್ಕದಲ್ಲೇ ಕೂತಿರುತ್ತಾರೆ. ತಮ್ಮ ಜೊತೆಗಿನ ಚಿಕ್ಕ ಪೇದೆ ಬರೆದುಕೊಂಡದ್ದರಲ್ಲಿ ಇಲ್ಲದ್ದನ್ನು ತಾವು ಎದ್ದು ಹೇಳಿದರೆ ಆ ಪೇದೆಗೂ ಪೆಟ್ಟು, ತಮಗೂ ಪೆಟ್ಟು. ನಿವೃತ್ತಿ ಬೇರೆ ಹತ್ತಿರ ಇದೆ ಎಂದರು. ನನಗೆ ಸಿಟ್ಟು ಬಂತು, ಆದರೆ ಅವರ ಮುಖ ನೋಡಿ ಸಿಟ್ಟನ್ನು ನುಂಗಿಕೊಂಡೆ. ಹೆದರಿದ ಮುಖವಲ್ಲ ಅದು, ಒಂಟಿಯಾದ ಮುಖ. ಎದ್ದು ಹೊರಟಾಗ ಹಿಂದಿನಿಂದ ಕರೆದರು. "ನಿಮ್ಮಪ್ಪ ಬಂದು ಪಕ್ಕದಲ್ಲಿ ಕೂತ್ರೆ ಹೇಳ್ತೀನಿ. ಏನೂ ಮಾತಾಡೋದು ಬೇಡ, ಬರೀ ಕೂತಿದ್ರೆ ಸಾಕು ಅಂತ ಹೇಳು. ಅವನು ಸೇತುವೆ ಕೆಳಗೆ ನಿಂತಿದ್ದಾಗ ಈ ಗೇಟಿಗೆ ಬಾಗಿಲೇ ಬೇಕಿರಲಿಲ್ಲ" ಎಂದರು.

ಅಪ್ಪಾ, ಇದಕ್ಕೇ ಈ ಪತ್ರ. ನೀವು ಬರಬೇಕು. ರಜೆ ಸಿಗುವುದು ಕಷ್ಟ ಎಂದು ನನಗೆ ಗೊತ್ತು, ಚೆಕ್‌ಪೋಸ್ಟಿನಲ್ಲಿ ಇರುವವರೇ ನಾಲ್ಕು ಮಂದಿ. ಇಲಾಖೆಯ ವಿಷಯದಲ್ಲಿ ಮೂಗು ತೂರಿಸಬಾರದು ಎಂದು ನೀವು ನನಗೆ ಹೇಳಿದ್ದೂ ನೆನಪಿದೆ. ಆದರೆ ನಾನು ನಿಮ್ಮನ್ನು ಇಲಾಖೆಯ ವಿರುದ್ಧ ನಿಲ್ಲಲು ಕರೆಯುತ್ತಿಲ್ಲ, ಇಲಾಖೆಯ ಒಬ್ಬ ಒಳ್ಳೆಯ ಮನುಷ್ಯನ ಪಕ್ಕ ಕೂರಲು ಕರೆಯುತ್ತಿದ್ದೇನೆ. ಕೂರುವುದಕ್ಕೆ ಯಾವ ಮೇಲಧಿಕಾರಿಯ ಒಪ್ಪಿಗೆಯೂ ಬೇಕಿಲ್ಲ. ನೀವು ಈ ಶಾಲೆಯ ಇಬ್ಬರು ಮಕ್ಕಳ ತಂದೆ, ಸಮಿತಿಯ ಹಿಂದಿನ ಬೆಂಚುಗಳು ಹೆತ್ತವರಿಗೇ ಇರುವುದು.

ನಾನೂ ಬರಿಗೈಯಲ್ಲಿ ಹೋಗುತ್ತಿಲ್ಲ. ಎರಡು ಮಾತು ಕೇಳುತ್ತೇನೆ. ಪೆಟ್ಟಿಗೆ ಗೇಟಿನ ಹೊರಗೆ ಬರಬೇಕು. ಬೇಕರಿಯವರ ಬಳಿ ಮಾತಾಡಿದ್ದೇನೆ. ಪಾಪ, ಆ ಮನುಷ್ಯ ಮಗನನ್ನು ಛೇಡಿಸಿದ ತನ್ನ ಬಾಯನ್ನೇ ಶಪಿಸಿಕೊಂಡು ಒಲೆಯ ಮುಂದೆ ಕೂತಿದ್ದರು. "ನನ್ನ ಅಂಗಡಿ ಗೋಡೆಗೆ ಹೊಡೀರಿ, ಮೊಳೆ ನಾನೇ ಕೊಡ್ತೀನಿ. ಬ್ರೆಡ್ ಕೊಳ್ಳೋಕೆ ಬಂದ ಹಾಗೆ ಬಂದು ಹಾಕಿ ಹೋಗ್ಲಿ" ಎಂದರು. ಎರಡನೆಯದು, ಗೇಟಿನ ಇಬ್ಬರಲ್ಲಿ ಒಬ್ಬರು ಶಾಲೆ ಬಿಡುವ ಹೊತ್ತಿಗೆ ಸೇತುವೆಯ ಕೆಳಗೆ ಇರಬೇಕು, ದಿನವೂ, ಕೊನೆಯ ಮಗು ದಾಟುವವರೆಗೆ. ಡ್ಯೂಟಿ ಬದಲಾವಣೆಯ ಹೊತ್ತನ್ನು ಹಿಂದೆ ಮುಂದೆ ಮಾಡಬಹುದೋ ಇಲ್ಲವೋ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಗುವುದಿಲ್ಲ ಎಂದು ಇನ್‌ಸ್ಪೆಕ್ಟರ್ ಹೇಳಿದರೆ, ಆಗುತ್ತದೆ, ನಾನೇ ಮಾಡುತ್ತಿದ್ದೆ ಎಂದು ನೀವು ಒಂದು ಮಾತು ಹೇಳಿದರೆ ಸಾಕು. ಹೇಳದಿದ್ದರೂ ಸರಿ, ನಾನು ನಿಮ್ಮ ಕಡೆ ಕೈ ತೋರಿಸುತ್ತೇನೆ, ಆಗ ನಿಮಗೆ ಬೇರೆ ದಾರಿ ಇರುವುದಿಲ್ಲ!

ನೀವು ಬಾರದಿದ್ದರೂ ನಾನು ಶನಿವಾರ ಎದ್ದು ನಿಂತು ಮಾತಾಡುತ್ತೇನೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಮತ ಹಾಕಲು ಬಾರದ ಕುರ್ಚಿಯಾದರೂ ಅದು ಕುರ್ಚಿಯೇ. ಆದರೆ ನಾನೊಬ್ಬಳೇ ಮಾತಾಡಿದರೆ ಅದು ಭಾಷಣವಾಗುತ್ತದೆ, ಮೀಸೆ ಮಾಮ ಮಾತಾಡಿದರೆ ಸಾಕ್ಷಿಯಾಗುತ್ತದೆ. ಬನ್ನುವಿಗೆ ಬೇಕಾದದ್ದು ಸಾಕ್ಷಿ. ಅವನು ಈಗ ದಿನವಿಡೀ ಬೇಕರಿಯ ಒಳಕೋಣೆಯಲ್ಲಿ ಹಿಟ್ಟಿನ ಮೂಟೆಗಳ ನಡುವೆ ಕೂತಿರುತ್ತಾನೆ. ನಿನ್ನೆ ಪಾಠದ ಟಿಪ್ಪಣಿ ಕೊಡಲು ಹೋದಾಗ ಕೇಳಿದ: "ಅಕ್ಕಾ, ನಾನು ಸುಮ್ನೆ ಕಾಲುವೆಗೆ ಎಸೆದಿದ್ರೆ ಏನೂ ಆಗ್ತಿರಲಿಲ್ಲ ಅಲ್ವಾ?" ಹೌದು ಎಂಬ ಉತ್ತರವೇ ಸರಿಯಾಗಿ ಉಳಿಯುವ ಶಾಲೆಯಲ್ಲಿ ನಾನು ಓದು ಮುಗಿಸಲಾರೆ.

ಅಮ್ಮ ಇಷ್ಟನ್ನೂ ಓದಿದಳು. ಮೊದಲು "ಅಪ್ಪನಿಗೆ ಬರೆಯೋ ಪತ್ರಾನಾ ಇದು, ಮೆರವಣಿಗೆ ಹೊರಟ ಹಾಗಿದೆ" ಎಂದಳು. ಆಮೇಲೆ ನಿಮ್ಮ ಬಿಳಿ ಅಂಗಿಯನ್ನು ತೆಗೆದು ಇಸ್ತ್ರಿ ಮಾಡಲು ಶುರುಮಾಡಿದ್ದಾಳೆ. ನೀವು ಬರುತ್ತೀರಿ ಎಂದು ಅವಳು ತೀರ್ಮಾನಿಸಿಯಾಗಿದೆ. ಸಮವಸ್ತ್ರ ಬೇಡವಂತೆ, ಅಂಗಿಯೇ ಸಾಕಂತೆ. ಕೆಳಮನೆಯ ಕಂಡಕ್ಟರ್ ಅಣ್ಣ ಇವತ್ತಿನ ರಾತ್ರಿ ಬಸ್ಸಿಗೆ ನಿಮ್ಮ ಕಡೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಾಗ ಇಳಿದು ಕೊಡುತ್ತಾರೆ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ಚೆಕ್‌ಪೋಸ್ಟಿನ ಉಳಿದ ಮಾಮಂದಿರಿಗೂ ನನ್ನ ನಮಸ್ಕಾರ ತಿಳಿಸಿ, ನಾನು ಕಳಿಸಿದ ಪುಸ್ತಿಕೆಗಳನ್ನು ಚಹಾದ ಲೋಟದ ಕೆಳಗೆ ಇಡಬೇಡಿ ಎಂದೂ ಹೇಳಿ.

ನಿಮ್ಮ ಹಾದಿ ಕಾಯುವ, ನಿಮ್ಮಷ್ಟೇ ಹಟದ
ಮಗಳು

ಅಪ್ಪಾ, ಇದನ್ನು ಅಮ್ಮ ಓದಿಲ್ಲ. ಪತ್ರ ಮಡಚಿ ತಂದ ಮೇಲೆ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಕಂಡಕ್ಟರ್ ಅಣ್ಣ ಚೀಲ ಹೆಗಲಿಗೆ ಹಾಕಿಕೊಂಡು ಅವಸರ ಮಾಡುತ್ತಿದ್ದಾರೆ. ಕಡ್ಡಿಯ ಹತ್ತಿರವೂ ಒಂದಿದೆ. ನನಗೆ ಗೊತ್ತಾದದ್ದು ನಿನ್ನೆ ಸಂಜೆ. ಶಾಲೆಗೆ ಒಯ್ಯುವುದಿಲ್ಲ, ಸೇತುವೆಯ ಗೋಡೆಯಲ್ಲಿ ಕಲ್ಲು ಕಿತ್ತ ಸಂದಿನಲ್ಲಿ ಬೆಳಿಗ್ಗೆ ಇಡುತ್ತಾನೆ, ಸಂಜೆ ತೆಗೆದುಕೊಂಡು ಬರುತ್ತಾನೆ. ಅವನೊಬ್ಬನೇ ಅಲ್ಲ. ಕೊಡು ಎಂದು ನಾನು ಬೇಡಿದೆ, ಬೈದೆ, ಅಳುವವರೆಗೂ ಹೋದೆ. "ಬನ್ನುಗೆ ಆಗಿದ್ದು ನೋಡಿದ್ಯಲ್ಲ ಅಕ್ಕಾ, ನಾನೇನು ಪೆದ್ದನಾ? ಅಪ್ಪ ಬಂದ್ರೆ ಅಪ್ಪನ ಕೈಗೆ ಕೊಡ್ತೀನಿ, ಬೇರೆ ಯಾರಿಗೂ ಇಲ್ಲ" ಎಂದ. ನೀವು ಅದನ್ನು ಅಪ್ಪನಾಗಿ ತೆಗೆದುಕೊಳ್ಳುತ್ತೀರೋ ಪೊಲೀಸಾಗಿ ತೆಗೆದುಕೊಳ್ಳುತ್ತೀರೋ ಬಸ್ಸಿನಲ್ಲಿ ಬರುವಾಗ ಯೋಚಿಸಿ. ಒಂದು ಮಾತ್ರ ಹೇಳುತ್ತೇನೆ, ಅದನ್ನು ಜೇಬಿಗೆ ಹಾಕಿಕೊಂಡು ಯಾರಿಗೂ ತಿಳಿಯದ ಹಾಗೆ ಮುಚ್ಚಿಬಿಡಬೇಡಿ. ಬನ್ನುವಿಗೊಂದು ನ್ಯಾಯ, ನಿಮ್ಮ ಮಗನಿಗೊಂದು ನ್ಯಾಯ ಎಂದಾದರೆ ನಾನೇ ಎದ್ದು ಸಮಿತಿಗೆ ಹೇಳುತ್ತೇನೆ, ಕಡ್ಡಿ ನನ್ನ ತಮ್ಮನೆಂದು ಬಿಡುವುದಿಲ್ಲ. ಅವನಿಗೂ ಹಾಗೆಂದು ಹೇಳಿದ್ದೇನೆ. ಅವನು ತಲೆಯಾಡಿಸಿ, "ಸರಿ, ಅಪ್ಪ ಪಕ್ಕದಲ್ಲಿದ್ರೆ ಸಮಿತಿ ಮೇಜಿನ ಮೇಲೆ ನಾನೇ ಇಡ್ತೀನಿ" ಎಂದ. ಸಭೆ ನಾಲ್ಕಕ್ಕೆ. ನೀವು ಅದಕ್ಕಿಂತ ಮೊದಲು ಬನ್ನಿ. ಸೇತುವೆಯ ಕೆಳಗೆ, ನೀವು ನಿಲ್ಲುತ್ತಿದ್ದ ಜಾಗದಲ್ಲೇ, ಅವನ ಕೈ ಹಿಡಿದುಕೊಂಡು ನಾನು ನಿಂತಿರುತ್ತೇನೆ. ಶನಿವಾರ, ಮಧ್ಯಾಹ್ನ ಮೂರು ಗಂಟೆಗೆ.